ಆರ್‌ಟಿಐನಿಂದ ಐಎಸ್‌ಬಿಎನ್‌ವರೆಗೆ: ಮುಳುಗಡೆ ಪುಸ್ತಕ ಹೊರಗೆ ಬಂದ ಕಥೆ

ಪುಸ್ತಕ ಅಂತೂ ಹೊರಗೆ ಬಂತು. ಲಿಂಗನಮಕ್ಕಿ ಡ್ಯಾಂ ಕಟ್ಟಿದಾಗ ಊರು ಬಿಟ್ಟು ಎದ್ದು ಹೋದ ಶರಾವತಿ ಕಣಿವೆ ಜನರ ಜಮೀನಿನ ಕಾಗದಪತ್ರ ಏನಾಯ್ತು ಅನ್ನೋದು ಅದರ ವಿಷಯ. ಬಂದಿದ್ದೇ ತಡ, ಹಳೇ ಸಹೋದ್ಯೋಗಿಗಳು, ಪತ್ರಿಕೋದ್ಯಮ ಓದ್ತಿರೋ ಹುಡುಗ್ರು ಎಲ್ರೂ ಫೋನ್ ಮಾಡಿ ಕೇಳೋದು ಒಂದೇ, "ಕೆಲಸ ಬಿಟ್ಟು ಹೆಂಗೆ ಮ್ಯಾನೇಜ್ ಮಾಡಿದ್ರಿ ಸಾರ್, ಆ ಫೈಲೆಲ್ಲ ಹೆಂಗೆ ಸಿಕ್ತು, ಐಎಸ್‌ಬಿಎನ್‌ಗೆ ಎಷ್ಟಾಯ್ತು" ಅಂತ (ಐಎಸ್‌ಬಿಎನ್ ಅಂದ್ರೆ ಪುಸ್ತಕದ ಹಿಂದೆ ಇರೋ ಗುರುತಿನ ನಂಬರ್). ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಎಲ್ಲ ಒಂದ್ಕಡೆ ಬರೆದಿಡ್ತಿದೀನಿ. ಚೆನ್ನಾಗಿ ಬರೆಯೋದು ಹೇಗೆ ಅಂತ ಇದರಲ್ಲಿ ಹುಡುಕ್ಬೇಡಿ. ಈ ಕಸುಬಲ್ಲಿ ಬರೆಯೋದು ಸಣ್ಣ ಭಾಗ, ಕಾಯೋದು ದೊಡ್ಡ ಭಾಗ. ಅರ್ಜಿಗೆ ಉತ್ತರ ಬರ್ಲಿ ಅಂತ, ಸಂಭಾವನೆ ಬರ್ಲಿ ಅಂತ, ಪ್ರೂಫ್ ಬರ್ಲಿ ಅಂತ. ಒಂದಾದ್ಮೇಲೆ ಒಂದು ಕಾಯ್ತಾ ಕೂತ್ರೆ ಹತ್ತು ವರ್ಷ ಹಿಡಿಯತ್ತೆ, ಆದ್ದರಿಂದ ಎಲ್ಲದಕ್ಕೂ ಒಟ್ಟೊಟ್ಟಿಗೆ ಕಾಯೋದನ್ನ ಕಲೀಬೇಕು, ನಾನು ಹೇಳೋಕೆ ಹೊರಟಿರೋದು ಮುಖ್ಯವಾಗಿ ಅಷ್ಟೇ.

ನಾನು ಒಂದು ಕನ್ನಡ ಪತ್ರಿಕೆ ಡೆಸ್ಕಲ್ಲಿ ಇದ್ದವ್ನು. ನೈಟ್ ಶಿಫ್ಟು, ಜಿಲ್ಲಾ ಪುಟ, ಏಜೆನ್ಸಿ ಕಾಪಿ ಅನುವಾದ, ಹೆಡ್ಡಿಂಗು. ಊರು ಸಾಗರದ ಕಡೆ. ನಮ್ಮ ಕಡೆ ಮದುವೆ ಮನೇಲಿ ಪರಿಚಯ ಮಾಡಿಸುವಾಗಲೂ "ಅವ್ರು ಮುಳುಗಡೆಯವ್ರು" ಅಂತಾರೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಮುಗೀತು, ಸಮುದ್ರ ಮಟ್ಟದ ಲೆಕ್ಕದಲ್ಲಿ 1819 ಅಡಿ ತನಕ ನೀರು ನಿಲ್ಲೋ ಹಂಗಾಯ್ತು, ಅದಕ್ಕಿಂತ ಮುಂಚೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಡ್ಯಾಮೂ ಸೇರಿ ಕಣಿವೆಗೆ ಕಣಿವೆನೇ ಒಳಗೆ ಹೋಯ್ತು. ಬೇಸಿಗೆಲಿ ನೀರು ತೀರಾ ಇಳಿದ್ರೆ ಆ ಹಳೇ ಡ್ಯಾಂ ಮೇಲೆ ಬರತ್ತೆ, ಜನ ಫೋಟೋ ತೆಗೆಯೋಕೆ ಹೋಗ್ತಾರೆ, ಪತ್ರಿಕೆಯವ್ರು ಪ್ರತಿಸಲ ಒಂದು ಬಾಕ್ಸ್ ಐಟಂ ಮಾಡ್ತಾರೆ (ನಾನೂ ಮಾಡಿದೀನಿ). ಆದ್ರೆ ಅಲ್ಲಿಂದ ಎದ್ದು ಹೋದೋರಿಗೆ ಕೊಟ್ಟ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಅರಣ್ಯ ಅಂತಲೇ ಉಳ್ಕೊಂಡಿದೆ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಕೇಂದ್ರದ ಒಪ್ಪಿಗೆ ಇಲ್ದೆ ರಾಜ್ಯ ಅದನ್ನ ಬಿಡಿಸಿ ಕೊಡೋಕಾಗಲ್ಲ, ಸರ್ಕಾರ ಮಾಡಿದ್ದ ಡಿನೋಟಿಫಿಕೇಶನ್ (ಅರಣ್ಯ ಪಟ್ಟಿಯಿಂದ ಕೈಬಿಡೋ ಆದೇಶ) 2021ರಲ್ಲಿ ಹೈಕೋರ್ಟಲ್ಲಿ ಬಿದ್ದಿದ್ದೂ ಇದೇ ಕಾರಣಕ್ಕೆ. ಇದನ್ನ ಆರುನೂರು ಪದದ ಲೇಖನದಲ್ಲಿ ಹೇಳೋಕಾಗಲ್ಲ. ಡೆಸ್ಕಲ್ಲಿ ಕೂತು ಬೇರೆಯವರ ಕಾಪಿ ತಿದ್ದುತ್ತಾ ಇದನ್ನ ಮಾಡೋಕೂ ಆಗಲ್ಲ. ಹೆಂಡ್ತಿ ಟೀಚರು, ತಿಂಗಳಿಗೆ ಒಂದು ಸಂಬಳ ಅಂತೂ ಮನೆಗೆ ಬರತ್ತೆ ಅನ್ನೋ ಧೈರ್ಯದ ಮೇಲೆ ರಾಜೀನಾಮೆ ಕೊಟ್ಟೆ. ಆ ಧೈರ್ಯ ಇಲ್ದೇ ಇರೋರಿಗೆ "ಬಿಟ್ಬಿಡಿ, ಪ್ಯಾಶನ್ ಹಿಂದೆ ಹೋಗಿ" ಅಂತ ನಾನಂತೂ ಹೇಳಲ್ಲ.

ಮೊದಲ ವರ್ಷ ಹೊಟ್ಟೆಪಾಡಿನದ್ದೇ. ಕನ್ನಡ ಪತ್ರಿಕೆಗಳಲ್ಲಿ ಒಂದು ಲೇಖನಕ್ಕೆ ನನಗೆ ಸಿಕ್ಕಿದ್ದು 500ರಿಂದ 2000 ರೂಪಾಯಿ, ಅದೂ ಪ್ರಕಟ ಆಗಿ ಎರಡು ಮೂರು ತಿಂಗಳಾದ್ಮೇಲೆ, ಕೆಲವು ಕಡೆಯಿಂದ ಬರಲೇ ಇಲ್ಲ. ಇಂಗ್ಲಿಷ್ ವೆಬ್‌ಸೈಟುಗಳು ಪದದ ಲೆಕ್ಕದಲ್ಲಿ ಕೊಡ್ತಾವೆ, ಒಂದು ಗ್ರೌಂಡ್ ರಿಪೋರ್ಟಲ್ಲಿ ಒಂದು ತಿಂಗಳ ದಿನಸಿ, ಕರೆಂಟ್ ಬಿಲ್ ಎರಡೂ ಕಳೆಯತ್ತೆ, ಆದ್ರೆ ಪಿಚ್ (ಏನು ಬರೀತೀನಿ ಅನ್ನೋ ಪ್ರಸ್ತಾವ) ಕಳಿಸಿ ಉತ್ತರಕ್ಕೆ ಕಾಯ್ಬೇಕು. ನಡುವೆ ಅಡಿಕೆ ಎಲೆಚುಕ್ಕಿ ರೋಗ, ಕೊಳೆರೋಗ, ಬೋರ್ಡೋ ದ್ರಾವಣದ ಬಗ್ಗೆ ಕೃಷಿ ಪತ್ರಿಕೆಗೆ ಬರೆದೆ, ಒಂದು ಎನ್‌ಜಿಒ ವರದಿ ಅನುವಾದ ಮಾಡ್ದೆ, ಡಾಕ್ಯುಮೆಂಟರಿಗೆ ಸಬ್‌ಟೈಟಲ್ ಮಾಡ್ದೆ. ಇದನ್ನೆಲ್ಲ "ಸೈಡ್ ಕೆಲಸ" ಅಂತ ನಗೋರಿದ್ರು. ಪುಸ್ತಕಕ್ಕೆ ಪೆಟ್ರೋಲ್ ಹಾಕಿದ್ದೇ ಆ ಸೈಡ್ ಕೆಲಸ.

ಇಲ್ಲೊಂದು ಮಾತು. ಲೇಖನ ಒಪ್ಪಿಕೊಂಡ ದಿನವೇ ಇಮೇಲಲ್ಲಿ ಮೂರು ವಿಷಯ ಬರೆಸ್ಕೊಳ್ಳಿ: ಎಷ್ಟು ಕೊಡ್ತೀರಿ, ಯಾವಾಗ ಕೊಡ್ತೀರಿ, ಹಕ್ಕು ಯಾರ ಹತ್ರ ಇರತ್ತೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದೋನೇ ಮೊದಲ ಹಕ್ಕುದಾರ. ಪತ್ರಿಕೆಯಲ್ಲಿ ನೌಕರಿಯಲ್ಲಿದ್ದು ಬರೆದದ್ದಾದ್ರೆ ಅದನ್ನ ಪತ್ರಿಕೆಯಲ್ಲಿ ಪ್ರಕಟಿಸೋ ಹಕ್ಕು ಮಾಲೀಕರದ್ದು, ಹೊರಗಿನಿಂದ ಬರೆಯೋ ನಮ್ಮಂಥವ್ರು ಬರವಣಿಗೆಯಲ್ಲಿ ಹಕ್ಕು ಬಿಟ್ಟುಕೊಡದೆ ಇದ್ರೆ ಅದು ನಮ್ಮ ಹತ್ರಾನೇ ಇರತ್ತೆ. ಪುಸ್ತಕದ ಎರಡು ಅಧ್ಯಾಯ ಮೊದ್ಲು ಲೇಖನವಾಗಿ ಬಂದಿದ್ವು, ಆ ಇಮೇಲ್‌ಗಳು ಇದ್ದಿದ್ದಕ್ಕೆ ಮತ್ತೆ ಬಳಸುವಾಗ ಯಾರ ಹತ್ರಾನೂ ಕೈ ಕಟ್ಟಿ ನಿಲ್ಲಬೇಕಾಗಲಿಲ್ಲ.

ಪ್ರೆಸ್ ಕಾರ್ಡ್ ವಿಷಯ ಎಲ್ರೂ ಕೇಳ್ತಾರೆ. ಕೆಲಸ ಬಿಟ್ಟ ದಿನ ಪತ್ರಿಕೆ ಕಾರ್ಡು ವಾಪಸ್ ಕೊಟ್ಟಾಯ್ತು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಮಾನ್ಯತೆ ಬೇಕು ಅಂದ್ರೆ 2022ರ ಮಾರ್ಗಸೂಚಿ ಪ್ರಕಾರ ಫ್ರೀಲ್ಯಾನ್ಸರ್‌ಗೆ 15 ವರ್ಷ ಅನುಭವ ಕೇಳ್ತಾರೆ, ನನಗೆ ಅಷ್ಟು ಇರಲಿಲ್ಲ. ಸರಿ ಬಿಡು ಅಂತ ಕೈಬಿಟ್ಟೆ. ಒಂದು ಕಾಲದಲ್ಲಿ ಕಾರ್ಡ್ ತೋರಿಸಿ ನೇರ ಒಳಗೆ ಹೋಗ್ತಿದ್ದ ಕಚೇರಿಲೇ ಬೆಂಚ್ ಮೇಲೆ ಕಾಯ್ತಾ ಕೂತಾಗ ಸ್ವಲ್ಪ ಮುಜುಗರ ಆಗಿದ್ದು ನಿಜ. ಆದ್ರೆ ಆರ್‌ಟಿಐಗೆ, ಅಂದ್ರೆ ಮಾಹಿತಿ ಹಕ್ಕು ಅರ್ಜಿಗೆ, ಕಾರ್ಡ್ ಬೇಡ. ಯಾಕೆ ಬೇಕು ಅಂತ ಕಾರಣ ಹೇಳೋದೂ ಬೇಡ, 2005ರ ಕಾಯ್ದೆ ಸೆಕ್ಷನ್ 6(2)ರಲ್ಲೇ ಅದು ಸ್ಪಷ್ಟವಾಗಿದೆ. ಕ್ಲರ್ಕ್ ಅಂತೂ ಕೇಳೇ ಕೇಳ್ತಾರೆ, "ಯಾಕ್ ಸಾರ್ ನಿಮ್ಗೆ ಈ ಹಳೇ ಕಥೆಯೆಲ್ಲ, ಜಮೀನ್ ಏನಾದ್ರೂ ಇದ್ಯಾ ಅಲ್ಲಿ?" ಅಂತ. ನಕ್ಕು ಸುಮ್ನಾಗಿ, ಜಗಳ ಬೇಡ. ಅದೇ ಕ್ಲರ್ಕ್ ಆಮೇಲೆ ರೆಕಾರ್ಡ್ ರೂಂ ಬೀಗದ ಕೈ ತರೋದು.

ಆರ್‌ಟಿಐ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ ಯಾಕಂದ್ರೆ ಪುಸ್ತಕದ ಬೆನ್ನೆಲುಬೇ ಅದು. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಇರ್ಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಇದು 2008ರಲ್ಲಿ ನಮ್ಮ ರಾಜ್ಯದ ನಿಯಮಕ್ಕೆ ಸೇರಿಸಿದ್ದು. ಶುಲ್ಕ 10 ರೂಪಾಯಿ, ನಾನು ಪೋಸ್ಟಲ್ ಆರ್ಡರ್ ಕಳಿಸ್ತಿದ್ದೆ. ಆನ್‌ಲೈನ್ ಪೋರ್ಟಲ್ ಇದೆ, ಆದ್ರೆ ತಾಲ್ಲೂಕು ಮಟ್ಟದ ಕಚೇರಿಗಳಿಗೆ ನಾನು ಪೋಸ್ಟಲ್ಲೇ ಹಾಕಿದ್ದು, ಅಕ್ನಾಲೆಜ್ಮೆಂಟ್ ಕೈಲಿರತ್ತೆ. ಉತ್ತರಕ್ಕೆ 30 ದಿನ. ನಿಜವಾದ ತೊಂದರೆ ಇದ್ದಿದ್ದು ಯಾರನ್ನ ಕೇಳೋದು ಅನ್ನೋದ್ರಲ್ಲಿ. ಡ್ಯಾಂ ಕಟ್ಟುವಾಗ ಕೆಲಸ ಇದ್ದಿದ್ದು ಸರ್ಕಾರದ ಇಲಾಖೆ ಕೈಲಿ, ಮೈಸೂರು ಪವರ್ ಕಾರ್ಪೊರೇಷನ್ ಹುಟ್ಟಿದ್ದೇ 1970ರಲ್ಲಿ (ಈಗಿನ ಕರ್ನಾಟಕ ವಿದ್ಯುತ್ ನಿಗಮ, ಕೆಪಿಸಿ, ಅದೇ), ಜಮೀನು ಕಂದಾಯದವ್ರದ್ದು, ಜನರನ್ನ ಕಳಿಸಿದ ಜಾಗ ಅರಣ್ಯದವ್ರದ್ದು. ನನ್ನ ಮೊದಲ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ "6(3)ರಡಿ ವರ್ಗಾಯಿಸಲಾಗಿದೆ" ಅಂತ ಓಡಾಡ್ತು. ಪ್ರತಿ ಕಚೇರಿ ಒಂದೊಂದು ಪತ್ರದ ಪ್ರತಿ ನನಗೆ ಕಳಿಸೋದು, ಪೋಸ್ಟ್‌ಮ್ಯಾನ್‌ಗೆ ನನ್ನ ಮೇಲೆ ಅನುಮಾನ ಬರೋಷ್ಟು ಸರ್ಕಾರಿ ಲಕೋಟೆ. ಕೊನೆಗೆ ಒಂದು ಕಚೇರಿಯಿಂದ ಒಂದೇ ಸಾಲು ಬಂತು, "ಸದರಿ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ."

ಆಮೇಲೆ ದಾರಿ ಬದಲಾಯಿಸಿದೆ, ಇದು ನಿಮಗೂ ಉಪಯೋಗಕ್ಕೆ ಬರತ್ತೆ. "ಮುಳುಗಡೆ ಸಂತ್ರಸ್ತರ ಪುನರ್ವಸತಿ ಬಗ್ಗೆ ಮಾಹಿತಿ ಕೊಡಿ" ಅಂತ ಕೇಳಿದ್ರೆ ಅಲ್ಲಿರೋರಿಗೂ ಎಲ್ಲಿ ಕೈ ಹಾಕ್ಬೇಕು ಗೊತ್ತಾಗಲ್ಲ. ಅದರ ಬದಲು ರೆಕಾರ್ಡ್ ರೂಮಿನ ಫೈಲ್ ರಿಜಿಸ್ಟರ್ ನೋಡೋಕೆ ಅವಕಾಶ ಕೊಡಿ ಅಂತ ಕೇಳಿ. ಕಾಯ್ದೆಯ 4(1)(ಎ) ಪ್ರಕಾರ ದಾಖಲೆಗಳ ಪಟ್ಟಿ, ಸೂಚಿ ಇಟ್ಕೊಳ್ಳೋದು ಕಚೇರಿ ಕರ್ತವ್ಯ, 2(ಜೆ) ಪ್ರಕಾರ ಕಡತ ಪರಿಶೀಲನೆ ನಮ್ಮ ಹಕ್ಕು. ರಿಜಿಸ್ಟರಲ್ಲಿ ಫೈಲ್ ನಂಬರ್, ವರ್ಷ, ವಿಷಯ ಬರ್ಕೊಂಡು ಬಂದು ಎರಡನೇ ಅರ್ಜಿಲಿ ಆ ನಂಬರ್ ಹಾಕಿ ದೃಢೀಕೃತ ನಕಲು ಕೇಳಿ. ಆಗ "ಲಭ್ಯವಿಲ್ಲ" ಅನ್ನೋದು ಕಷ್ಟ, ಅವರದ್ದೇ ರಿಜಿಸ್ಟರಲ್ಲಿ ಇದೆಯಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ.

ಒಂದು ಕಚೇರಿ ಇದಕ್ಕೂ ಉತ್ತರ ಕೊಡಲಿಲ್ಲ, 30 ದಿನ ಮುಗೀತು. ಸೆಕ್ಷನ್ 19(1)ರಲ್ಲಿ ಮೊದಲ ಮೇಲ್ಮನವಿ ಹಾಕಿದೆ, ಇದನ್ನೂ ಗಡುವು ಮುಗಿದ 30 ದಿನದೊಳಗೆ ಹಾಕ್ಬೇಕು, ಅದೇ ಕಚೇರಿಯ ಮೇಲಧಿಕಾರಿಗೆ. ವಿಚಾರಣೆ ದಿನ ಶಿವಮೊಗ್ಗಕ್ಕೆ ಹೋಗುವಾಗ ಹೊಟ್ಟೆಲಿ ಚಿಟ್ಟೆ ಹಾರಾಡ್ತಿತ್ತು, ಏನೇನೋ ಕಾನೂನು ಓದ್ಕೊಂಡು ಹೋಗಿದ್ದೆ, ಅಲ್ಲಿ ನೋಡಿದ್ರೆ ಆ ಅಧಿಕಾರಿ ಮಗ್ಗುಲಲ್ಲಿ ನಿಂತವರನ್ನ ಕರೆದು "ಫೈಲ್ ಇದ್ಯೋ ಇಲ್ವೋ?" ಅಂದ್ರು, "ಹುಡುಕ್ಬೇಕು ಸಾರ್" ಅಂದ್ರು, "ಹುಡುಕಿ ಕೊಡಿ" ಅಂದ್ರು, ಐದು ನಿಮಿಷಕ್ಕೆ ಮುಗೀತು. ಗಡುವು ಮೀರಿದ್ದಕ್ಕೆ 7(6)ರ ಪ್ರಕಾರ ನಕಲು ಉಚಿತವಾಗಿ ಕೊಡ್ಬೇಕು, ನೆನಪಿಸಿದೆ, ಕೊಟ್ರು. ಇಲ್ಲಿ ಆಗಿಲ್ಲ ಅಂದಿದ್ರೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ, ಅದಕ್ಕೆ 90 ದಿನ ಟೈಮ್ ಇರತ್ತೆ. ನನಗೆ ಅಷ್ಟು ದೂರ ಹೋಗೋ ಪ್ರಸಂಗ ಬರಲಿಲ್ಲ.

ಆ ಕಟ್ಟು ಕೈಗೆ ಬಂದ ದಿನ ಬಸ್‌ಸ್ಟ್ಯಾಂಡಲ್ಲೇ ಕೂತು ಓದಿದೆ. ಎಕರೆ ಗುಂಟೆ ಲೆಕ್ಕ, ಗದ್ದೆ ಎಷ್ಟು ಬಾಗಾಯ್ತು (ತೋಟ) ಎಷ್ಟು, ಮಾವಿನ ಮರಕ್ಕೆ ಎಷ್ಟು ಪರಿಹಾರ, ಹೆಸರಿನ ಮುಂದೆ ಹೆಬ್ಬೆಟ್ಟು. ಒಂದು ಕಡೆ ಒಬ್ಬ ರೈತ ದೇವಸ್ಥಾನದ ಉಂಬಳಿ ಜಮೀನಿಗೆ ಪರಿಹಾರ ಯಾರು ತಗೋಬೇಕು ಅಂತ ಕೇಳಿ ಬರೆಸಿದ ಅರ್ಜಿ ಇತ್ತು, ಅದಕ್ಕೆ ಉತ್ತರ ಇರೋ ಪುಟ ಕಟ್ಟಲ್ಲಿ ಇರಲಿಲ್ಲ. ಸಾಗರದ ಬಸ್ ಹೋಗಿದ್ದೇ ಗೊತ್ತಾಗಲಿಲ್ಲ.

ಆರ್‌ಟಿಐ ಗಡುವು ಓಡ್ತಿರುವಾಗ ಪತ್ರಾಗಾರ ಮುಗಿಸ್ಕೊಳ್ಳಿ. ಬೆಂಗಳೂರಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇದೆ, ಮೈಸೂರು, ಧಾರವಾಡದಲ್ಲೂ ಅದರ ಕಚೇರಿಗಳಿವೆ. ಯೂನಿವರ್ಸಿಟಿಯವರಿಗೆ ಗೈಡ್ ಪತ್ರ ಇರತ್ತೆ, ನಮಗೆ ಯಾವ ಲೆಟರ್‌ಹೆಡ್ಡೂ ಇಲ್ಲ. ನಾನು ಓದಿದ ಕಾಲೇಜಿನ ಇತಿಹಾಸದ ಮೇಷ್ಟ್ರ ಹತ್ರ ಪರಿಚಯ ಪತ್ರ ಬರೆಸ್ಕೊಂಡು, ಆಧಾರ್ ಪ್ರತಿ ಇಟ್ಕೊಂಡು ಹೋದೆ, ಕೆಲಸ ಆಯ್ತು. ಒಂದು ಪೆನ್ಸಿಲ್ ಇಟ್ಕೊಂಡು ಹೋಗಿ, ಹಳೇ ಕಾಗದದ ಹತ್ರ ಪೆನ್ನು ತೆಗೆದ್ರೆ ಯಾರಿಗೂ ಇಷ್ಟ ಆಗಲ್ಲ. ಇನ್ನೊಂದು ಮರೆತುಹೋಗೋ ಮೂಲ ಅಂದ್ರೆ ಮೈಸೂರು ವಿಧಾನಸಭೆ ಚರ್ಚೆಗಳ ಹಳೇ ಸಂಪುಟಗಳು. ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದಿದ್ದು 1951ರಲ್ಲಿ, ಅದಾದ ಮರುವರ್ಷ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನಮ್ಮ ಕಡೆಯಿಂದ ಗೆದ್ದು ವಿಧಾನಸಭೆಗೆ ಹೋದ್ರು, ಗೇಣಿ, ಭೂಮಿ ವಿಷಯ ಸದನದಲ್ಲಿ ಯಾವ ಥರ ಮಾತಾಗ್ತಿತ್ತು ಅನ್ನೋ ಹವಾ ಗೊತ್ತಾಗ್ಬೇಕು ಅಂದ್ರೆ ಅದನ್ನ ಓದ್ಬೇಕು. ನಾನಂತೂ ಬೇಕಾದ್ದಕ್ಕಿಂತ ಬೇಡದ್ದನ್ನೇ ಜಾಸ್ತಿ ಓದ್ದೆ. ಹಳೇ ನಕ್ಷೆ, ಹಳೇ ಫೈಲು ಅಂದ್ರೆ ನನಗೆ ಮೊದಲಿಂದ ಹುಚ್ಚು.

ಜನರ ಹತ್ರ ಮಾತಾಡೋದು ಬೇರೆಯೇ ಕಥೆ. ಹಿನ್ನೀರಿನ ಆಚೆ ಇರೋ ತುಮರಿ ಕಡೆ ಹೋಗ್ಬೇಕು ಅಂದ್ರೆ ಆಗ ಹೊಳೆಬಾಗಿಲಲ್ಲಿ ಲಾಂಚ್‌ಗೆ ಕಾಯ್ಬೇಕಿತ್ತು, ಸಂಜೆ ಕೊನೇ ಲಾಂಚ್ ತಪ್ಪಿದ್ರೆ ಅಲ್ಲೇ ಯಾರದಾದ್ರೂ ಮನೆ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತಲ್ಲ, ಆಮೇಲೆ ಹೋದಾಗ ಬೈಕಲ್ಲಿ ಕೆಲವೇ ನಿಮಿಷಕ್ಕೆ ಆಚೆ ದಡ. ಅನುಕೂಲ ಆಯ್ತು, ಅನುಮಾನವೇ ಇಲ್ಲ. ಆದ್ರೆ ಲಾಂಚಲ್ಲಿ ಪಕ್ಕ ನಿಂತೋರ ಹತ್ರ ಮಾತು ತೆಗೆದೇ ನನಗೆ ಅರ್ಧ ಜನ ಪರಿಚಯ ಆಗಿದ್ದು. ಅಲ್ಲೇ ಒಬ್ಬರು ಅಜ್ಜ, "ನಮ್ಮ ಗದ್ದೆ ಮೇಲೇ ಹೋಗ್ತಾ ಇದೀವಿ ಮಾರಾಯ ಈಗ" ಅಂದಿದ್ರು, ಬೆರಳು ತೋರಿಸಿ ಎಲ್ಲಿ ಗದ್ದೆ ಎಲ್ಲಿ ಹೊಳೆ ಅಂತ ಹೇಳ್ತಾ ಹೋದ್ರು, ಮನೆಗೆ ಬಂದು ಹಳೇ ಸರ್ವೇ ನಕ್ಷೆ ಜೊತೆ ಹೋಲಿಸಿದ್ರೆ ಹೆಚ್ಚುಕಮ್ಮಿ ಸರಿಯಾಗೇ ಹೇಳಿದ್ರು.

ಇಲ್ಲಿ ನಾನು ಅಂದ್ಕೊಂಡೇ ಇರದ ಒಂದು ತೊಡಕು ಎದುರಾಯ್ತು. ಮೂರ್ನಾಲ್ಕು ಮನೆಯವ್ರು ಪೂರ್ತಿ ಕಥೆ ಹೇಳಿ, ರೆಕಾರ್ಡ್ ಮಾಡೋಕೂ ಒಪ್ಪಿ, ಒಂದು ವಾರ ಬಿಟ್ಟು ಫೋನ್ ಮಾಡಿ "ನಮ್ಮ ಹೆಸ್ರು ಹಾಕ್ಬೇಡಿ" ಅಂದ್ರು. ಯೋಚಿಸಿದ್ರೆ ಅವರು ಹೇಳೋದು ಸರಿ. ದಾಖಲೆಯಲ್ಲಿ ಅರಣ್ಯ ಅಂತ ಇರೋ ಜಾಗದಲ್ಲಿ ಯಾವ ವರ್ಷದಿಂದ ಯಾರು ಎಷ್ಟು ಎಕರೆ ತೋಟ ಮಾಡಿದಾರೆ ಅಂತ ನಾನು ಅಚ್ಚು ಹಾಕಿದ್ರೆ ನಾಳೆ ಒತ್ತುವರಿ ನೋಟಿಸ್‌ಗೆ ನನ್ನ ಪುಸ್ತಕವೇ ಸಾಕ್ಷಿ ಆಗ್ಬಹುದು. ಅಲ್ಲಿಂದ ಮುಂದೆ ಹೆಸರು, ಊರು, ಸರ್ವೇ ನಂಬರ್ ಮೂರೂ ಬದಲಾಯಿಸಿದೆ, ನಿಜವಾದ ಹೆಸರಿರೋ ನೋಟ್‌ಬುಕ್ ಬೇರೆ ಇಟ್ಟೆ. ಇದರಿಂದ ಪುಸ್ತಕಕ್ಕೆ ನಷ್ಟ ಇದೆ, ಹೆಸರಿಲ್ಲದ ಮಾತಿಗೆ ತೂಕ ಕಮ್ಮಿ. ಆದ್ರೂ ಬೇರೆ ದಾರಿ ನನಗೆ ಕಾಣಲಿಲ್ಲ. ಭೂಮಿ ಬಗ್ಗೆ ಬರೆಯೋರು ಇದನ್ನ ಮೊದಲ ದಿನವೇ ಮಾತಾಡ್ಕೊಳ್ಳಿ, ರೆಕಾರ್ಡಿಂಗ್ ಶುರುವಲ್ಲೇ ಅವರ ಒಪ್ಪಿಗೆ ಅವರ ದನಿಯಲ್ಲೇ ಇರಲಿ. ಅಧಿಕಾರಿಗಳ ಮೇಲೆ ಏನಾದ್ರೂ ಬರೀತೀರಾ ಅಂದ್ರೆ ಅವರ ಉತ್ತರ ಕೇಳಿ ಪತ್ರ ಹಾಕಿ ಅದರ ಪ್ರತಿ ಇಟ್ಕೊಳ್ಳಿ. ಮಾನಹಾನಿ ಈಗಲೂ ಕ್ರಿಮಿನಲ್ ಅಪರಾಧವೇ, ಐಪಿಸಿ 499 ಹೋಗಿ ಭಾರತೀಯ ನ್ಯಾಯ ಸಂಹಿತೆ 356 ಬಂದಿದೆ ಅಷ್ಟೇ.

ನಡುವೆ ತೆರಿಗೆ. ಬೋರ್ ಅಂತ ಇದನ್ನ ಬಿಟ್ಟು ಕೆಳಗೆ ಹೋಗ್ಬೇಡಿ. ಇಂಗ್ಲಿಷ್ ಸಂಸ್ಥೆಗಳು ದುಡ್ಡು ಕೊಡುವಾಗ 194ಜೆ ಅಡಿಯಲ್ಲಿ 10 ಪರ್ಸೆಂಟ್ ಟಿಡಿಎಸ್ (ಮೊದಲೇ ಮುರ್ಕೊಳ್ಳೋ ತೆರಿಗೆ) ಹಿಡೀತಾವೆ. ವರ್ಷಕ್ಕೆ 30,000 ದಾಟಿದ್ರೆ ಹಿಡೀಬೇಕು ಅಂತ ಇತ್ತು, 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಯ್ತು. ನಮ್ಮಂಥ ಆದಾಯದವ್ರಿಗೆ ರಿಟರ್ನ್ಸ್ ಹಾಕಿದ್ರೆ ಆ ದುಡ್ಡು ವಾಪಸ್ ಬರತ್ತೆ, 26ಎಎಸ್ ಅನ್ನೋ ತೆರಿಗೆ ಲೆಕ್ಕದ ಪಟ್ಟಿ ತೆಗೆದು ನೋಡ್ಕೊಳ್ಳಿ, ಯಾರು ಹಿಡಿದಿದಾರೆ ಯಾರು ಕಟ್ಟಿದಾರೆ ಗೊತ್ತಾಗತ್ತೆ. ನಾನು 44ಎಡಿಎ ಸೆಕ್ಷನ್ ಹಾಕಿ, ಬಂದ ದುಡ್ಡಿನ ಅರ್ಧವನ್ನೇ ಆದಾಯ ಅಂತ ತೋರಿಸಿ, ಖರ್ಚಿನ ಲೆಕ್ಕ ಇಲ್ದೆ ಮುಗಿಸೋಣ ಅಂತ ಸಿಎ ಹತ್ರ ಹೋದ್ರೆ ಅವ್ರು ತಲೆ ಅಲ್ಲಾಡಿಸಿದ್ರು. ಆ ಸೆಕ್ಷನ್ ಡಾಕ್ಟರ್, ವಕೀಲ, ಎಂಜಿನಿಯರ್, ಆರ್ಕಿಟೆಕ್ಟ್ ಹೀಗೆ ಪಟ್ಟಿ ಮಾಡಿದ ವೃತ್ತಿಗಳಿಗೆ, ಸಿನಿಮಾದವ್ರೂ ಅದರಲ್ಲಿದಾರೆ, ಪತ್ರಕರ್ತ ಅಂತಾಗ್ಲಿ ಲೇಖಕ ಅಂತಾಗ್ಲಿ ಇಲ್ಲ. ಹಾಗಾಗಿ ಐಟಿಆರ್-3 ಅನ್ನೋ ರಿಟರ್ನ್ಸ್ ಫಾರಂ, ಖರ್ಚಿನ ಲೆಕ್ಕ, ಬಿಲ್ಲು. ಪೆಟ್ರೋಲ್, ಜೆರಾಕ್ಸ್, ಲಾಡ್ಜು, ಇಂಟರ್ನೆಟ್ಟು ಎಲ್ಲದರ ಚೀಟಿ ಒಂದು ಡಬ್ಬಿಗೆ ಹಾಕ್ತಾ ಬಂದೆ. ಪುಸ್ತಕದ ರಾಯಲ್ಟಿ ಬರೋರಿಗೆ 80ಕ್ಯೂಕ್ಯೂಬಿ ಅಂತ 3 ಲಕ್ಷದವರೆಗೆ ವಿನಾಯ್ತಿ ಇದೆ, ಆದ್ರೆ ಹಳೇ ತೆರಿಗೆ ಪದ್ಧತಿ ಆರಿಸ್ಕೊಂಡ್ರೆ ಮಾತ್ರ. ಈ ನಂಬರುಗಳೆಲ್ಲ 1961ರ ಕಾಯ್ದೆಯವು, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಬದಲಾಗತ್ತೆ, ಸಿಎ ಹತ್ರ ಕೇಳ್ಕೊಳ್ಳಿ. ರಿಟರ್ನ್ಸ್ ಹಾಕೋದ್ರಿಂದ ಇನ್ನೊಂದು ಲಾಭ: ಪ್ರಿಂಟಿಂಗ್‌ಗೆ ಅಂತ ಸಣ್ಣ ಲೋನ್ ಕೇಳಿದಾಗ ಒಂದು ಬ್ಯಾಂಕಲ್ಲಿ "ಸ್ಯಾಲರಿ ಸ್ಲಿಪ್ ಇಲ್ವಾ?" ಅಂತ ವಾಪಸ್ ಕಳಿಸಿದ್ರು, ಇನ್ನೊಂದು ಕಡೆ ಮೂರು ವರ್ಷದ ಐಟಿಆರ್ ನೋಡಿ ಕೊಟ್ರು.

ಹಸ್ತಪ್ರತಿ ಮುಗೀತು. ಧನಸಹಾಯ ಹುಡುಕಿದೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ಅದಕ್ಕೆ ವಯಸ್ಸಿನ ಮಿತಿ ಇದೆ, ನಾನು ದಾಟಿಬಿಟ್ಟಿದೀನಿ. ನೀವು ಇನ್ನೂ ಮಿತಿ ಒಳಗಿದ್ರೆ ಅರ್ಜಿ ಕರೆಯೋದನ್ನ ಕಾಯ್ತಾ ಇರಿ. ಪ್ರಕಾಶಕರ ಹತ್ರ ಹೋದೆ. ಒಬ್ರು "ಕಾದಂಬರಿ ಮಾಡ್ಕೊಡಿ, ಇದೇ ವಿಷಯ, ಓಡತ್ತೆ" ಅಂದ್ರು. ಇನ್ನೊಬ್ರು ಓದಿ ಮೆಚ್ಚಿ ಕರಾರು ಕಳಿಸಿದ್ರು, ರಾಯಲ್ಟಿ ಇಲ್ಲ, 50 ಪ್ರತಿ ಕೊಡ್ತೀವಿ, ಎಲ್ಲ ಹಕ್ಕು ಶಾಶ್ವತವಾಗಿ ಅವರಿಗೆ, ಅನುವಾದ, ಆಡಿಯೋ, ಸಿನಿಮಾ ಎಲ್ಲ. ಒಂದು ದಿನ ಇಡೀ ಯೋಚಿಸಿದೆ. ಕಾಪಿರೈಟ್ ಕಾಯ್ದೆ ಸೆಕ್ಷನ್ 19ರಲ್ಲಿ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಇರ್ಬೇಕು ಅಂತಿದೆ, ಅವಧಿ ಬರೆದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ, ಜಾಗ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಅವರು ಎರಡನ್ನೂ ಬರೆದಿದ್ರು, ಅದೂ ದಪ್ಪ ಅಕ್ಷರದಲ್ಲಿ. ಕನ್ನಡದ ಒಂದು ಆವೃತ್ತಿಗೆ ಅಂತ ಮಾತ್ರ ಮಾಡ್ಕೊಳ್ಳೋಣ ಅಂದೆ, ಉತ್ತರ ಬರಲಿಲ್ಲ. ನಾವೇ ಮಾಡೋಣ ಅಂತ ನಿರ್ಧಾರ ಆಗಿದ್ದು ಆಗ.

ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋದು! ಇದರ ಬಗ್ಗೆ ಯಾರೂ ಮುಂಚೆ ಹೇಳಲ್ಲ. ನಾನು ಯೂನಿಕೋಡಲ್ಲಿ (ಮೊಬೈಲು, ವೆಬ್‌ಸೈಟು ಎಲ್ಲ ಕಡೆ ನಡೆಯೋ ಅಕ್ಷರ ವ್ಯವಸ್ಥೆ) ಬರೆದಿದ್ದು, ಡಿಟಿಪಿಯವ್ರು ಬಳಸೋದು ಪೇಜ್‌ಮೇಕರ್ ಸಾಫ್ಟ್‌ವೇರು, ಹಳೇ ಥರದ ನುಡಿ ಫಾಂಟ್. ಯೂನಿಕೋಡಿಂದ ನುಡಿಗೆ ಕನ್ವರ್ಟ್ ಮಾಡಿದಾಗ ಅರ್ಕಾವತ್ತು ಜಾಗ ಬದಲಾಯಿಸ್ತು, ಕೆಲವು ಒತ್ತಕ್ಷರ ಒಡೆದೋಯ್ತು, ಇಂಗ್ಲಿಷ್ ಹೆಸರುಗಳಲ್ಲಿ ಅರ್ಧಾಕ್ಷರ ಬಿಡಿಸಿ ಬರೆದಿದ್ದೆಲ್ಲ ಅಂಟ್ಕೊಂಡ್ತು, ಸರ್ವೇ ನಂಬರಿನ ಗೆರೆಗಳು ಮಾಯ. ಜಮೀನಿನ ಪುಸ್ತಕದಲ್ಲಿ 12/3 ಹೋಗಿ 123 ಆದ್ರೆ ಅರ್ಥವೇ ಬೇರೆ. ಪ್ರೂಫ್ ನೋಡಿ ನೋಡಿ ಕಣ್ಣು ಉರಿ. ಕೊನೆಗೆ ಇನ್‌ಡಿಸೈನಲ್ಲಿ ಯೂನಿಕೋಡಲ್ಲೇ ಪುಟ ಮಾಡೋ ಹುಡುಗಿ ಒಬ್ಬಳು ಸಿಕ್ಕಳು, ಪುಟಕ್ಕೆ ಸ್ವಲ್ಪ ಜಾಸ್ತಿ ತಗೊಂಡ್ರೂ ಪರವಾಗಿಲ್ಲ ಅನ್ನಿಸ್ತು. ಹುಡುಕುವಾಗ ಮೊದಲ ಪ್ರಶ್ನೆನೇ ಇದು ಕೇಳಿ, ಯೂನಿಕೋಡಲ್ಲಿ ಮಾಡ್ತೀರಾ ಇಲ್ವಾ ಅಂತ. ಮುಂದೆ ಇ-ಬುಕ್ ಮಾಡೋದಿದ್ರೂ ಮತ್ತೆ ಟೈಪ್ ಮಾಡೋ ಗೋಳು ತಪ್ಪತ್ತೆ.

ಐಎಸ್‌ಬಿಎನ್‌ಗೆ ದುಡ್ಡು ಕೊಡ್ಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರೋ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನ ಪುಕ್ಕಟೆ ಕೊಡತ್ತೆ, ಲೇಖಕ ತಾನೇ ಪ್ರಕಾಶಕ ಅಂತ ಆನ್‌ಲೈನಲ್ಲಿ ರಿಜಿಸ್ಟರ್ ಆಗ್ಬಹುದು, ಗುರುತಿನ ಚೀಟಿ, ಮುಖಪುಟ ಅಪ್‌ಲೋಡ್ ಮಾಡ್ಬೇಕು. ನನಗೆ "3000 ಕೊಡಿ, ಮಾಡಿಸ್ಕೊಡ್ತೀನಿ" ಅಂದೋರಿದ್ರು. ಮುಖಪುಟ ರೆಡಿ ಆದ ಕೂಡ್ಲೇ ಅರ್ಜಿ ಹಾಕಿ, ಪ್ರಿಂಟ್‌ಗೆ ಕೊಡೋ ದಿನ ಅಲ್ಲ. ಪ್ರೂಫ್ ನೋಡ್ತಾ ಇರುವಾಗ ಅದು ತನ್ನ ಪಾಡಿಗೆ ಬರತ್ತೆ.

ಪ್ರಿಂಟ್: 1/8 ಡೆಮಿ ಅಳತೆ, 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ, 300 ಜಿಎಸ್‌ಎಂ ಕವರ್ (ಜಿಎಸ್‌ಎಂ ಅಂದ್ರೆ ಕಾಗದದ ತೂಕದ ಲೆಕ್ಕ). ಪುಟ 16ರ ಲೆಕ್ಕದಲ್ಲಿ ಫಾರಂ ಆಗತ್ತೆ, ನನ್ನದು 213 ಪುಟ ಬಂದಿತ್ತು, ಪ್ರೆಸ್ಸಿನವ್ರು "ಐದು ಪುಟ ಕಮ್ಮಿ ಮಾಡಿ ಸಾರ್, 208ಕ್ಕೆ ಹದಿಮೂರು ಫಾರಂ ಸರಿಹೋಗತ್ತೆ" ಅಂದ್ರು. ಅನುಬಂಧದಲ್ಲಿ ಒಂದು ಪಟ್ಟಿ ತೆಗೆದೆ, ಬೇಜಾರಾಯ್ತು. 500 ಪ್ರತಿಗೆ ಎಲ್ಲ ಸೇರಿ ಪ್ರತಿಗೆ ಸುಮಾರು 90 ರೂಪಾಯಿ ಬಿತ್ತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕಾಗದಕ್ಕೆ ಇದೆ, ಅದು ನಮ್ಮ ತಲೆಗೇ ಬರೋದು. ಬೆಲೆ 250 ಇಟ್ಟೆ. ಅಂಗಡಿಯವ್ರು 40 ಪರ್ಸೆಂಟ್ ಕೇಳ್ತಾರೆ, ಉಳಿಯೋದು 150, ಅದರಲ್ಲಿ 90 ಕಳೀರಿ, ಓಡಾಟ ಕಳೀರಿ. ಮೂರು ವರ್ಷದ ಪೆಟ್ರೋಲ್ ಇದರಲ್ಲಿ ಹುಟ್ಟಲ್ಲ, ಅದಕ್ಕೇ ಹೇಳಿದ್ದು ಸೈಡ್ ಕೆಲಸ ಬಿಡ್ಬೇಡಿ ಅಂತ.

ಬಿಡುಗಡೆ ಸಮಾರಂಭ ಮಾಡಲಿಲ್ಲ, ಹಾಲ್ ಬಾಡಿಗೆ, ಶಾಲು, ಉಪ್ಪಿಟ್ಟು ಎಲ್ಲ ಸೇರಿದ್ರೆ ಇನ್ನೊಂದು ನೂರು ಪ್ರತಿ ಪ್ರಿಂಟ್ ಆಗತ್ತೆ. ಮಾತು ಕೊಟ್ಟ ಮನೆಗಳಿಗೆ ನಾನೇ ಹೋಗಿ ಪುಸ್ತಕ ಕೊಟ್ಟು ಬಂದೆ. ಒಂದು ಮನೇಲಿ ಬದಲಾಯಿಸಿದ ಹೆಸರು ನೋಡಿ ಅಮ್ಮ ಒಬ್ರು ನಕ್ಕು, "ಇದಕ್ಕಿಂತ ಚಂದದ ಹೆಸ್ರು ಸಿಗ್ಲಿಲ್ವಾ ನಿಂಗೆ?" ಅಂದ್ರು.

ಅಚ್ಚಾದ್ಮೇಲೂ ಕೆಲವು ಕೆಲಸ ಇದೆ, ಬೇಗ ಬೇಗ ಹೇಳ್ತೀನಿ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸೋ 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬೈನ ಏಷ್ಯಾಟಿಕ್ ಸೊಸೈಟಿ, ದೆಹಲಿ ಪಬ್ಲಿಕ್ ಲೈಬ್ರರಿಗೆ ಒಂದೊಂದು ಪ್ರತಿ ಪ್ರಕಾಶಕರ ಖರ್ಚಲ್ಲಿ ಕಳಿಸ್ಬೇಕು, ಪ್ರಕಾಶಕ ಅಂದ್ರೆ ಈಗ ನೀವೇ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪ್ರತಿ ಕೊಟ್ಟು ನೋಂದಣಿ ಮಾಡಿಸಿ ಪತ್ರ ತಗೊಳ್ಳಿ, ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಅದು ಬೇಕು. ನಾನು ಮಾಡಿಸಿದೀನಿ, ಅರ್ಜಿ ಕರೆಯೋದನ್ನ ಕಾಯ್ತಾ ಇದೀನಿ. ಓದುಗರಿಗೆ ಕಳಿಸೋಕೆ ಅಂಚೆಯಲ್ಲಿ ಮೊದಲಿದ್ದ ಬುಕ್ ಪೋಸ್ಟ್ ಇಲ್ಲ, 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ, 300 ಗ್ರಾಂವರೆಗೆ 20 ರೂಪಾಯಿಯಿಂದ ದರ, 5 ಕೆಜಿವರೆಗೆ 100. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರ್ಬೇಕು, ಒಳಗೆ ಜಾಹೀರಾತು ಇರಬಾರದು. ನಿಧಾನ ಹೋಗತ್ತೆ, ಓದುಗರಿಗೆ ಮೊದಲೇ ಹೇಳಿಬಿಡಿ. ಅಂಗಡಿಗಳಲ್ಲಿ ಇಡುವಾಗ ಎಷ್ಟು ಪ್ರತಿ ಕೊಟ್ರಿ, ಯಾವ ತಾರೀಕು, ಎಷ್ಟು ಕಮಿಷನ್ ಅಂತ ಡೆಲಿವರಿ ಚಲನ್ ಎರಡು ಪ್ರತಿ ಮಾಡಿ ಸೀಲ್ ಹಾಕಿಸ್ಕೊಳ್ಳಿ, ಎಷ್ಟೇ ಗುರುತಿನವ್ರಾಗಿದ್ರೂ ಸರಿ, ಮಾರಾಟದ ಲೆಕ್ಕ ಕೇಳೋಕೆ ಹೋದಾಗ ಕೌಂಟರಲ್ಲಿ ಬೇರೆ ಹುಡುಗ ಕೂತಿರ್ತಾನೆ.